ಗಾಜಿನ ಪ್ರಶ್ನೆ ಇನ್ನೂ ಮುಗಿದಿಲ್ಲ

ಹಳೆಯ ಕಟ್ಟಡಗಳ ಕಿಟಕಿ ಗಾಜು ಕೆಳಭಾಗದಲ್ಲಿ ದಪ್ಪವಾಗಿರುತ್ತದೆ, ಏಕೆಂದರೆ ಗಾಜು ಬಹಳ ನಿಧಾನವಾಗಿ ಕೆಳಕ್ಕೆ ಹರಿಯುತ್ತದೆ. ನಮ್ಮ ಸೀನಿಯರ್‌ಗಳು ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ‘ಘನಸ್ಥಿತಿ’ ಅಧ್ಯಾಯದಲ್ಲಿ ಕಲಿತ ಮಾತಿದು. ಆದರೆ ಇದು ನಿಜವಲ್ಲ. ಸಾಮಾನ್ಯ ತಾಪದಲ್ಲಿ ಕಿಟಕಿ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಲು ವಿಶ್ವದ ವಯಸ್ಸೂ ಸಾಲದು ಎಂದು ಬ್ರೆಜಿಲ್‌ನ ವಿಜ್ಞಾನಿ ಎಡ್ಗರ್ ಜನೊಟ್ಟೊ 1998ರಲ್ಲಿ ಲೆಕ್ಕ ಹಾಕಿ ತೋರಿಸಿದರು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಬಳಸಿದ ಬಗೆಯ ಗಾಜನ್ನು ಪರೀಕ್ಷಿಸಿತು. ನೂರು ಕೋಟಿ ವರ್ಷಗಳಲ್ಲಿ ಅದು ಹರಿಯುವುದು ಸುಮಾರು 1 ನ್ಯಾನೋಮೀಟರ್ ಮಾತ್ರ! ಹಳೆಯ ಗಾಜಿನ ದಪ್ಪದಲ್ಲಿ ಏರುಪೇರು ಇರುವುದು ಆಗಿನ ಕಾಲದ ತಯಾರಿಕೆಯ ರೀತಿಯಿಂದ.

ಈಗ ಆ ಅಧ್ಯಾಯವೇ ನಮ್ಮ ಪಠ್ಯದಲ್ಲಿಲ್ಲ. ತಪ್ಪು ಮಾತು ಹೋಗಿದ್ದು ಒಳ್ಳೆಯದೇ. ಆದರೆ ಅದರ ಜೊತೆಗೆ ಒಂದು ಒಳ್ಳೆಯ ಪ್ರಶ್ನೆಯೂ ಹೋಯಿತು: ಹಾಗಾದರೆ ಗಾಜು ಎಂದರೆ ಏನು?

ನೀರು ಮಂಜುಗಡ್ಡೆಯಾಗುವಾಗ ಅಣುಗಳು ಸಾಲಾಗಿ, ಕ್ರಮವಾಗಿ ನಿಲ್ಲುತ್ತವೆ. ಗಾಜಿನಲ್ಲಿ ಹಾಗಾಗುವುದಿಲ್ಲ. ಕರಗಿದ ಗಾಜು ತಣ್ಣಗಾದಂತೆ ಅದರ ಸ್ನಿಗ್ಧತೆ ಏರುತ್ತಾ, ನೀರಿನದಕ್ಕಿಂತ ಸುಮಾರು 10¹⁵ ಪಟ್ಟು ಹೆಚ್ಚಾದಾಗ ಅದನ್ನು ಗಾಜು ಎನ್ನುತ್ತೇವೆ. ಆದರೂ ಅಣುಗಳ ಜೋಡಣೆ ದ್ರವದಲ್ಲಿದ್ದಂತೆಯೇ ಅಸ್ತವ್ಯಸ್ತ! ತುಂಬಿದ ಸಿಟಿ ಬಸ್ಸನ್ನು ನೆನಪಿಸಿಕೊಳ್ಳಿ. ಒಬ್ಬರು ಇಳಿಯಬೇಕಾದರೆ ಸುತ್ತಲಿನ ಹತ್ತು ಜನ ಸರಿಯಬೇಕು. ಅಣುಗಳೂ ಹೀಗೆ ನೆರೆಯವರ ನಡುವೆ ಸಿಕ್ಕಿಕೊಳ್ಳುತ್ತವೆ. ಒಂದು ಕಡೆ ಗುಂಪಾಗಿ ಚಲಿಸುವಾಗ ಇನ್ನೊಂದು ಕಡೆ ಕದಲುವುದೇ ಇಲ್ಲ. ಜೋಡಣೆ ಇಷ್ಟು ಕಡಿಮೆ ಬದಲಾದರೂ ಚಲನೆ ಇಷ್ಟು ನಿಧಾನವಾಗುವುದೇಕೆ? ಘನವಸ್ತುಗಳ ಸಿದ್ಧಾಂತದಲ್ಲಿ ಬಗೆಹರಿಯದ ಅತ್ಯಂತ ಆಳವಾದ ಸಮಸ್ಯೆ ಬಹುಶಃ ಇದೇ ಎಂದು ನೊಬೆಲ್ ವಿಜೇತ ಫಿಲಿಪ್ ಆಂಡರ್ಸನ್ 1995ರಲ್ಲಿ ಬರೆದಿದ್ದರು. ಎಲ್ಲರೂ ಒಪ್ಪುವ ಉತ್ತರ ಇಂದಿಗೂ ಇಲ್ಲ.

ಈ ಹುಡುಕಾಟ ನಮ್ಮಿಂದ ದೂರವೇನಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಭೌತವಿಜ್ಞಾನಿ ಶ್ರೀಕಾಂತ್ ಶಾಸ್ತ್ರಿ ಅವರ ಮುಖ್ಯ ಸಂಶೋಧನಾ ವಿಷಯಗಳಲ್ಲಿ ಇದೂ ಒಂದು. 1998ರಲ್ಲಿ ಅವರು ಡೆಬೆನೆಡೆಟ್ಟಿ ಮತ್ತು ಸ್ಟಿಲಿಂಜರ್ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಪ್ರಸಿದ್ಧ. ದ್ರವದ ಶಕ್ತಿಯನ್ನು ಬೆಟ್ಟ-ಕಣಿವೆಗಳ ಭೂಪಟದಂತೆ ಊಹಿಸಿ. ಬಿಸಿಯಾಗಿರುವಾಗ ದ್ರವ ಈ ಏರಿಳಿತಗಳನ್ನು ಲೆಕ್ಕಿಸದೆ ಅಲೆಯುತ್ತದೆ. ತಣ್ಣಗಾದಂತೆ ಆಳದ ಕಣಿವೆಗಳಿಗೆ ಇಳಿಯುತ್ತದೆ, ಅಲ್ಲಿಂದ ದಾಟುವುದು ಕಷ್ಟವಾಗುತ್ತದೆ. ಕಂಪ್ಯೂಟರ್ ಲೆಕ್ಕಾಚಾರದಿಂದ ಅವರು ಇದನ್ನು ತೋರಿಸಿದರು. ಇದೇ ಬಗೆಯ ಅಸ್ತವ್ಯಸ್ತತೆಯ ಗಣಿತಕ್ಕಾಗಿ ಇಟಲಿಯ ಜಾರ್ಜೊ ಪರೀಸಿ ಅವರಿಗೆ 2021ರ ನೊಬೆಲ್‌ನಲ್ಲಿ ಅರ್ಧ ಪಾಲು ಸಿಕ್ಕಿತು.

ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ನೀಟ್, ಸಿಇಟಿ ತಯಾರಿಯಲ್ಲಿ ನಾಲ್ಕು ಆಯ್ಕೆಗಳಲ್ಲಿ ಒಂದು ಸರಿ ಎಂಬುದೇ ನಮ್ಮ ವಿಜ್ಞಾನವಾಗಿದೆ. ಬಿಎಸ್ಸಿ ಎಂದರೆ ಸೀಟು ಸಿಗದವರ ದಾರಿ ಎಂದು ಮನೆಯಲ್ಲೂ ಹೇಳುತ್ತಾರೆ, ನಾವೂ ನಂಬುತ್ತೇವೆ. ಪರೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಸೀಟು ಬೇಕು, ಕೆಲಸ ಬೇಕು. ನಮ್ಮಲ್ಲಿ ಅನೇಕರ ಮನೆಗಳು ಅದನ್ನೇ ನಂಬಿಕೊಂಡಿವೆ. ಆದರೆ ಉತ್ತರವಿಲ್ಲದ ಪ್ರಶ್ನೆಯೊಂದನ್ನು ಒಮ್ಮೆಯೂ ನೋಡದ ವಿದ್ಯಾರ್ಥಿ ಸಂಶೋಧಕನಾಗುವ, ಸಂಶೋಧಕಿಯಾಗುವ ಕನಸು ಕಾಣುವುದು ಹೇಗೆ?

ಉಪನ್ಯಾಸಕರಲ್ಲಿ ನನ್ನ ವಿನಂತಿ ಚಿಕ್ಕದು. ತಿಂಗಳಿಗೆ ಒಂದು ಪೀರಿಯಡ್, ವಿಜ್ಞಾನಕ್ಕೆ ಇನ್ನೂ ಗೊತ್ತಿಲ್ಲದ ಒಂದು ವಿಷಯಕ್ಕೆ ಮೀಸಲಿಡಿ. ಅದಕ್ಕೆ ಅಂಕ ಬೇಡ, ನೋಟ್ಸೂ ಬೇಡ. ಭಾರತೀಯ ವಿಜ್ಞಾನ ಸಂಸ್ಥೆ ಸಾರ್ವಜನಿಕರಿಗಾಗಿ ನಡೆಸುವ ಓಪನ್ ಡೇಗೆ ನಮ್ಮನ್ನು ಒಮ್ಮೆ ಕರೆದುಕೊಂಡು ಹೋಗಿ. ಗೆಳೆಯರೇ, ಗೆಳತಿಯರೇ, ನಿಮ್ಮ ಕೆಲಸವೂ ಇದೆ: ಪುಸ್ತಕದಲ್ಲಿದೆ ಎಂಬ ಒಂದೇ ಕಾರಣಕ್ಕೆ ಯಾವ ಮಾತನ್ನೂ ಒಪ್ಪಬೇಡಿ, ‘ಹೇಗೆ ಗೊತ್ತಾಯಿತು?’ ಎಂದು ಕೇಳಿ. ಕಿಟಕಿ ಗಾಜಿನ ಕಥೆ ಅಷ್ಟು ವರ್ಷ ಉಳಿದದ್ದು ಈ ಪ್ರಶ್ನೆಯನ್ನು ಕೇಳುವವರು ಕಡಿಮೆ ಇದ್ದುದರಿಂದಲೇ.