ಸಿಲಿಂಡರ್‌ಗೆ ಎಕ್ಸ್‌ಪೈರಿ ಡೇಟ್ ಇದೆಯೇ? ಮೊದಲು ಪೈಪಿನ ತುದಿ ನೋಡಿ

ಗ್ಯಾಸ್ ಸಿಲಿಂಡರ್‌ಗೂ ಎಕ್ಸ್‌ಪೈರಿ ಡೇಟ್ ಇರುತ್ತದೆ, ಅದು ಮುಗಿದರೆ ಸಿಲಿಂಡರ್ ಸಿಡಿಯುತ್ತದೆ, ಎಲ್ಲರಿಗೂ ತಿಳಿಸಿ ಎನ್ನುವ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಹಲವು ವರ್ಷಗಳಿಂದ ಸುತ್ತುತ್ತಿರುವ ಫಾರ್ವರ್ಡ್ ಇದು. ಇದರಲ್ಲಿ ಅರ್ಧ ನಿಜ ಇದೆ.

ಸಿಲಿಂಡರಿನ ತಲೆಯ ಬಳೆಯನ್ನು ಹಿಡಿದಿರುವ ಕಬ್ಬಿಣದ ಪಟ್ಟಿಗಳಲ್ಲಿ ಒಂದರ ಒಳಮೈಯಲ್ಲಿ ಒಂದು ಅಕ್ಷರ, ಒಂದು ಸಂಖ್ಯೆ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಸಿ ಮತ್ತು ಡಿ ಉಳಿದ ಎರಡು ತ್ರೈಮಾಸಿಕಗಳು. ಬಿ-28 ಎಂದಿದ್ದರೆ 2028ರ ಜೂನ್ ಒಳಗೆ ಆ ಸಿಲಿಂಡರನ್ನು ಮತ್ತೆ ಒತ್ತಡದ ಪರೀಕ್ಷೆಗೆ ಕಳಿಸಬೇಕು ಎಂದರ್ಥ. ಅದು ಪರೀಕ್ಷೆಯ ಗಡುವು. ಒಳಗಿನ ಗ್ಯಾಸು ಹಾಲಿನಂತೆ ಕೆಡುವುದಿಲ್ಲ, ಜುಲೈ 1ಕ್ಕೆ ಉಕ್ಕು ಸೀಳಿಕೊಳ್ಳುವುದೂ ಇಲ್ಲ. ಆದರೂ ಗಡುವು ದಾಟಿದ ಸಿಲಿಂಡರ್ ತಂದರೆ ತೆಗೆದುಕೊಳ್ಳಬೇಡಿ, ಬೇರೆ ಕೇಳಿ. ಕೇಳುವ ಹಕ್ಕು ನಿಮಗಿದೆ.

ಈ ಫಾರ್ವರ್ಡಿನ ಬಗ್ಗೆ ನನ್ನ ತಕರಾರು ಬೇರೆ. ಇದು ನಮ್ಮ ಕಣ್ಣನ್ನು ತಪ್ಪು ಜಾಗಕ್ಕೆ ತಿರುಗಿಸುತ್ತದೆ. ಮನೆಯಲ್ಲಿ ಗ್ಯಾಸ್ ಸೋರುವುದು ಸಾಮಾನ್ಯವಾಗಿ ದಪ್ಪ ಉಕ್ಕಿನ ಗೋಡೆಯಿಂದಲ್ಲ. ಸಿಲಿಂಡರಿನ ಬಾಯೊಳಗಿನ ಕಪ್ಪು ವಾಷರ್, ರೆಗ್ಯುಲೇಟರ್ ಕೂರುವ ಜಾಗ, ಪೈಪಿನ ಎರಡು ತುದಿ, ಒಲೆಯ ನಾಬ್: ಸೋರುವ ಜಾಗಗಳು ಇವು. ದಿನಾಂಕ ನೋಡಿ ನೆಮ್ಮದಿಯಾದವರು ಇವನ್ನು ನೋಡುವುದೇ ಇಲ್ಲ.

ಶಿಂಷಾ ದಂಡೆಯ ವೈದ್ಯನಾಥಪುರದಂಥ ಊರುಗಳಲ್ಲಿ ಇದು ಯಾಕೆ ಮುಖ್ಯ ಎಂದರೆ, ಇಲ್ಲಿ ಬೆಂಕಿಯ ಜೊತೆ ಬಾಳಿ ಗೊತ್ತಿರುವವರೇ ಎಲ್ಲ. ಆಲೆಮನೆಯ ಕೊಪ್ಪರಿಗೆ ಕೆಳಗಿನ ಉರಿ ಕಣ್ಣಿಗೆ ಕಾಣುತ್ತದೆ, ಕಬ್ಬಿನ ಸಿಪ್ಪೆ ತುಂಬುವುದು ನಿಲ್ಲಿಸಿದರೆ ತಣ್ಣಗಾಗುತ್ತದೆ. ಗ್ಯಾಸ್ ಹಾಗಲ್ಲ. ಕಾಣುವುದಿಲ್ಲ, ಸ್ವಂತ ವಾಸನೆಯೂ ಇಲ್ಲ. ನಮಗೆ ಬರುವ ಆ ಕೊಳೆತ ವಾಸನೆ ಈಥೈಲ್ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು, ಸೋರಿಕೆ ಗೊತ್ತಾಗಲಿ ಎಂದೇ ಬೆರೆಸಿರುತ್ತಾರೆ. ಇನ್ನೊಂದು ವಿಷಯ, ಪ್ರೊಪೇನ್ ಮತ್ತು ಬ್ಯೂಟೇನ್‌ನ ಈ ಮಿಶ್ರಣ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ ಗ್ಯಾಸ್ ಮೇಲೆ ಹೋಗದೆ ನೀರಿನಂತೆ ನೆಲದಲ್ಲಿ ಹರಡುತ್ತದೆ. 2016ರ ಮೇ 1ರಂದು ಉಜ್ವಲ ಯೋಜನೆ ಶುರುವಾದ ಮೇಲೆ ಸಿಲಿಂಡರ್ ಬಂದ ಎಷ್ಟೋ ಮನೆಗಳಲ್ಲಿ ಸೌದೆ ಒಲೆಯೂ ಉಳಿದಿದೆ, ಬಚ್ಚಲಲ್ಲಿ ಹಂಡೆ ಒಲೆಯೂ ಇದೆ. ರಾತ್ರಿ ಅಡುಗೆಮನೆಯಲ್ಲಿ ಸೋರಿದ್ದು ಬೆಳಗ್ಗೆ ನೀರು ಕಾಯಿಸಲು ಕಡ್ಡಿ ಗೀರುವ ಜಾಗದವರೆಗೆ ಹರಿದಿರಬಹುದು.

ಎಷ್ಟು ಸೋರಿದರೆ ಅಪಾಯ? ಸಣ್ಣ ಲೆಕ್ಕ ಮಾಡೋಣ. ಗಾಳಿಯಲ್ಲಿ ಈ ಗ್ಯಾಸ್ ಸುಮಾರು ಶೇ. 2ರಿಂದ 9ರಷ್ಟು ಬೆರೆತರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. 10 ಅಡಿ ಉದ್ದ, 10 ಅಡಿ ಅಗಲದ ಅಡುಗೆಮನೆಯ ನೆಲದಿಂದ ಒಂದು ಅಡಿ ಎತ್ತರದವರೆಗಿನ ಗಾಳಿ ಸುಮಾರು 2,800 ಲೀಟರ್. ಅದರ ಶೇ. 2 ಎಂದರೆ 56 ಲೀಟರ್ ಗ್ಯಾಸ್, ತೂಕದಲ್ಲಿ ಹೆಚ್ಚುಕಡಿಮೆ 120 ಗ್ರಾಂ. 14.2 ಕೆ.ಜಿ. ಸಿಲಿಂಡರಿನಲ್ಲಿ ಅದು ನೂರನೇ ಒಂದು ಭಾಗಕ್ಕೂ ಕಡಿಮೆ. ದೊಡ್ಡ ಬರ್ನರ್ ಒಂದು ಗಂಟೆ ಉರಿಯಲು ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ.

ಹಾಗಾಗಿ ಹೊಸ ಸಿಲಿಂಡರ್ ಬಂದಾಗ ತಂದವರ ಮುಂದೆಯೇ ಸೀಲ್ ತೆಗೆಸಿ, ಸೋರಿಕೆ ಪರೀಕ್ಷೆ ಮಾಡಿಸಿ, ತೂಕವನ್ನೂ ನೋಡಿ. ಇದು ಅವರ ಕೆಲಸದ ಭಾಗ, ಉಪಕಾರವಲ್ಲ. ಸಿಲಿಂಡರಿನ ಬಾಯಿಗೆ ಎರಡು ಹನಿ ನೀರು ಬಿಟ್ಟಾಗ ಗುಳ್ಳೆ ಬಂದರೆ ಒಳಗಿನ ವಾಲ್ವ್ ಸರಿಯಿಲ್ಲ. ವಾಷರ್ ಕೆಟ್ಟಿದ್ದರೂ ಪಿನ್ನಿನಿಂದ ಕಿತ್ತು ಹಳೆಯ ವಾಷರ್ ಹಾಕುವ ಜಾಣತನ ಬೇಡ, ಸಿಲಿಂಡರನ್ನು ವಾಪಸ್ ಕೊಡಿ.

ರೆಗ್ಯುಲೇಟರ್ ಕೂರಿಸಿದ ಮೇಲೆ ಇನ್ನೊಂದು ಪರೀಕ್ಷೆ. ಒಲೆಯ ನಾಬ್‌ಗಳು ಆಫ್ ಇರಲಿ, ರೆಗ್ಯುಲೇಟರ್ ಆನ್ ಮಾಡಿ. ಬಹಳ ಜನ ಇಲ್ಲೇ ಎಡವುತ್ತಾರೆ. ರೆಗ್ಯುಲೇಟರ್ ಆಫ್ ಇದ್ದರೆ ಪೈಪಿನೊಳಗೆ ಒತ್ತಡವೇ ಇರುವುದಿಲ್ಲ, ಸೋಪಿನ ನೀರು ಹಚ್ಚಿ ಏನೂ ಇಲ್ಲ ಎಂದುಕೊಂಡು ಸುಮ್ಮನಾಗುತ್ತೀರಿ. ಸೋಪಿನ ನೊರೆಯನ್ನು ರೆಗ್ಯುಲೇಟರ್ ಸುತ್ತ, ಪೈಪಿನ ಎರಡು ತುದಿಗೆ, ಪೈಪಿನ ಉದ್ದಕ್ಕೂ, ನಾಬ್‌ಗಳ ಬುಡಕ್ಕೆ ಹಚ್ಚಿ ಒಂದು ನಿಮಿಷ ನೋಡುತ್ತಿರಿ. ಮನೆ ರೆಗ್ಯುಲೇಟರಿನ ಒತ್ತಡ ತೀರಾ ಕಡಿಮೆ, ಸಣ್ಣ ಸೋರಿಕೆಯ ಗುಳ್ಳೆ ನಿಧಾನವಾಗಿ ಊದುತ್ತದೆ. ಕಡ್ಡಿ ಗೀರಿ ನೋಡುವವರು ಈಗಲೂ ಇದ್ದಾರೆ. ಅವರಿಗೆ ಸೋರಿಕೆ ಸಿಕ್ಕೇ ಸಿಗುತ್ತದೆ, ಸಿಕ್ಕಿದ ಮೇಲೆ ಮಾಡುವುದೇನೂ ಉಳಿದಿರುವುದಿಲ್ಲ.

ಪೈಪು ಒಳಗೆ ಉಕ್ಕಿನ ತಂತಿ ಇರುವ ಸುರಕ್ಷಾ ಪೈಪೇ ಆಗಿರಲಿ, ಉದ್ದ ಒಂದೂವರೆ ಮೀಟರ್ ಮೀರದಿರಲಿ. ಭತ್ತ, ರಾಗಿ ಮೂಟೆ ಇರುವ ಮನೆಗೆ ಇಲಿ ತಪ್ಪಿದ್ದಲ್ಲ, ಬರೀ ರಬ್ಬರ್ ಪೈಪನ್ನು ಅವು ಕಡಿಯುತ್ತವೆ. ಐದು ವರ್ಷಕ್ಕೆ ಪೈಪು ಬದಲಿಸಬೇಕು. ಎಕ್ಸ್‌ಪೈರಿ ಡೇಟ್ ಎಂಬ ಮಾತು ನಿಜಕ್ಕೂ ಒಪ್ಪುವುದು ಇದಕ್ಕೆ. ಮುದ್ದೆ ತಿರುವಲು ಅನುಕೂಲ ಎಂದು ಕೆಲವರು ಒಲೆಯನ್ನು ನೆಲಕ್ಕೇ ಇಡುತ್ತಾರೆ. ಒಲೆ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಪಾತ್ರೆಯನ್ನು ಕೆಳಗಿಳಿಸಿ ಮುದ್ದೆ ತಿರುವಿ, ಒಲೆಯನ್ನು ಇಳಿಸಬೇಡಿ.

ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡರಲ್ಲೂ ಒಳಗೆ ಕಿಡಿ ಹಾರುತ್ತದೆ. ಫ್ಯಾನ್ ಹಾಕಿ ಗ್ಯಾಸ್ ಓಡಿಸಿ ಎನ್ನುವ ಫಾರ್ವರ್ಡ್ ಬಂದರೆ ಡಿಲೀಟ್ ಮಾಡಿ. ಉರಿಯುವ ದೀಪ, ಒಲೆ ಹತ್ತಿರವಿದ್ದರೆ ಆರಿಸಿ, ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ಆಮೇಲೆ ಹೊರಗಿನಿಂದ 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ, ಹಗಲೂ ರಾತ್ರಿಯೂ ಸಿಗುವ ಉಚಿತ ಸಂಖ್ಯೆ ಅದು. ಬೆಂಕಿ ಹೊತ್ತಿದ್ದರೆ 101 ಅಥವಾ 112.

ಎಲ್ಲ ಫಾರ್ವರ್ಡ್ ಸುಳ್ಳಲ್ಲ ಎಂದೂ ಹೇಳಬೇಕು. ಒದ್ದೆ ಬಟ್ಟೆಯಿಂದ ಸಿಲಿಂಡರ್ ಒರೆಸಿ ಎಷ್ಟು ಗ್ಯಾಸ್ ಉಳಿದಿದೆ ಎಂದು ತಿಳಿಯುವ ಉಪಾಯ ಸರಿಯಾಗಿಯೇ ಇದೆ. ದ್ರವ ಇರುವ ಮಟ್ಟದವರೆಗೆ ಲೋಹ ತಣ್ಣಗಿರುತ್ತದೆ, ಅಲ್ಲಿ ಒದ್ದೆ ತಡವಾಗಿ ಆರುತ್ತದೆ.

ಗ್ಯಾಸ್ ಗೀಸರ್ ಹಾಕಿಸಿದವರಿಗೆ ಸೋಪಿನ ನೀರು ಸಾಲದು. ಮುಚ್ಚಿದ ಬಚ್ಚಲಲ್ಲಿ ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಗುಳ್ಳೆಯಲ್ಲೂ ಸಿಗುವುದಿಲ್ಲ. ತಲೆ ಸುತ್ತಿ, ಕೈಕಾಲು ಸೋತು, ಚಿಲಕ ತೆಗೆಯುವ ಮೊದಲೇ ಎಚ್ಚರ ತಪ್ಪುತ್ತದೆ. ಗೀಸರ್, ಸಿಲಿಂಡರ್ ಎರಡನ್ನೂ ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಕೂರಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ.