ವಿಳಾಸವಿಲ್ಲದ ಪಟಗಳು

ನಿವೃತ್ತನಾದವನೊಬ್ಬ ಕ್ಯಾಮೆರಾ ಕೊಂಡರೆ ಊರು ಎರಡು ಬಗೆಯ ಮಾತಾಡುತ್ತದೆ. ‘ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ?’ ಎಂಬುದು ಒಂದು. ‘ಹೋಗ್ಲಿ ಬಿಡಿ, ಪಾಪ, ಹೊತ್ತು ಕಳೀಬೇಕಲ್ಲ’ ಎಂಬುದು ಇನ್ನೊಂದು. ಮೊದಲನೆಯದು ಆಕ್ಷೇಪಣೆ, ಎರಡನೆಯದು ಕರುಣೆ. ಆಕ್ಷೇಪಣೆಗೆ ಉತ್ತರ ಕೊಡಬಹುದು. ಕರುಣೆಗೆ ಏನು ಕೊಡುವುದು? ಜೀವಮಾನವೆಲ್ಲ ದುಡಿದವನು ಗ್ರಾಚ್ಯುಯಿಟಿ ಹಣದಲ್ಲಿ ಮಗನಿಗೆ ಬೈಕು ಕೊಡಿಸಿದರೆ ಯಾರೂ ಕೇಳುವುದಿಲ್ಲ, ಮಗಳಿಗೆ ಬಳೆ ಮಾಡಿಸಿದರೆ ಮೆಚ್ಚುತ್ತಾರೆ. ತನ್ನ ಕಣ್ಣಿಗೆ ಬೇಕಾದದ್ದನ್ನು ತಾನು ಕೊಂಡರೆ ಮಾತ್ರ ಅದು ಮುದಿಹುಚ್ಚು. ಇರಲಿ. ಈ ಹುಚ್ಚಿಗೆ ನಾಚಿಕೆ ಪಡಬೇಕಾದ ಅಗತ್ಯವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಆದರೆ ನಾನು ಈ ಪ್ರಬಂಧ ಬರೆಯಲು ಕೂತದ್ದು ಊರಿನವರ ಮೇಲಿನ ಸಿಟ್ಟಿಗಲ್ಲ. ನನ್ನ ತಕರಾರು ನಮ್ಮವರ ಮೇಲೆಯೇ. ಪೆನ್ಷನ್ ಪುಸ್ತಕವನ್ನೂ ಕ್ಯಾಮೆರಾ ಚೀಲವನ್ನೂ ಒಂದೇ ಬೀರುವಿನಲ್ಲಿ ಇಟ್ಟುಕೊಂಡಿರುವ ನಮ್ಮ ಬಳಗದ ಮೇಲೆ. ನಾವು ತೆಗೆಯುವುದು ತಪ್ಪಲ್ಲ. ಏನನ್ನು ತೆಗೆಯುತ್ತಿದ್ದೇವೆ, ಏನನ್ನು ಬಿಡುತ್ತಿದ್ದೇವೆ ಎಂಬುದು ತಪ್ಪು. ಈ ತಪ್ಪಿನಲ್ಲಿ ನನ್ನ ಪಾಲು ಸಣ್ಣದಲ್ಲ, ಅದನ್ನೂ ಹೇಳುತ್ತೇನೆ.

ನಾನು ಅಂಚೆ ಇಲಾಖೆಯವನು. 1974ರಲ್ಲಿ ಗುಮಾಸ್ತನಾಗಿ ಸೇರಿ, ಸಾಗರ ಸೀಮೆಯ ಸಣ್ಣಪುಟ್ಟ ಕಚೇರಿಗಳಲ್ಲಿ ಮೊಹರು ಹೊಡೆದು, 2012ರಲ್ಲಿ ಪೋಸ್ಟ್ ಮಾಸ್ಟರ್ ಆಗಿ ನಿವೃತ್ತನಾದೆ. ಆ ವರ್ಷವೇ ಕ್ಯಾಮೆರಾ ಬಂತು, ಹಿಂದೆಯೇ ತೋಳುದ್ದದ ಲೆನ್ಸೂ ಬಂತು. ‘ಈ ದುಡ್ಡಲ್ಲಿ ಬಾವಿಗೊಂದು ಪಂಪು ಹಾಕ್ಸಿ, ಮನೆಗೆ ಸುಣ್ಣಾನೂ ಹೊಡೆಸ್ಬಹುದಿತ್ತು’ ಎಂದು ನನ್ನ ಹೆಂಡತಿ ಲೆಕ್ಕ ಹೇಳಿದಳು. ಲೆಕ್ಕ ಸರಿಯಾಗಿಯೇ ಇತ್ತು.

ನಮ್ಮದೊಂದು ಫೋಟೋ ಕೂಟವಿದೆ. ಬ್ಯಾಂಕಿನವರು, ಮೇಷ್ಟ್ರುಗಳು, ಇಂಜಿನಿಯರುಗಳು, ಒಬ್ಬರು ದಂತವೈದ್ಯರು. ಎಲ್ಲರೂ ಅರವತ್ತು ದಾಟಿದವರು. ಭಾನುವಾರ ನಸುಕಿಗೇ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೊರಡುತ್ತೇವೆ. ಮಳೆಗಾಲದಲ್ಲಿ ಗುಡವಿಯ ಕೆರೆ, ಚಳಿಗಾಲದಲ್ಲಿ ಕಬಿನಿ, ಯಾರಿಗಾದರೂ ರಜೆಯಲ್ಲಿ ಬಂದ ಮಗ ಕಾರು ಕೊಟ್ಟರೆ ಆಗುಂಬೆ. ಹೋಗುವುದು ನೋಡುವುದಕ್ಕೆ ಎಂದು ನಾನು ತಿಳಿದಿದ್ದೆ. ಹಾಗಲ್ಲ, ಹೋಗುವುದು ಕೊಯ್ಲಿಗೆ. ಎಷ್ಟು ಸಿಕ್ಕಿತು, ಪಕ್ಕದವನಿಗೆ ಎಷ್ಟು ಸಿಕ್ಕಿತು ಎಂಬುದೇ ವಾಪಸು ಬರುವ ದಾರಿಯ ಮಾತು.

ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಮಿಂಚುಳ್ಳಿ ನೀರಿಗೆ ಧುಮುಕುವ ಚಿತ್ರ ಬೇಕೆಂದು ತೊಟ್ಟಿಯಲ್ಲಿ ಜೀವಂತ ಮೀನು ಬಿಟ್ಟು, ಮೇಲೊಂದು ಕೊಂಬೆ ನೆಟ್ಟು, ಗಂಟೆಯ ಲೆಕ್ಕದಲ್ಲಿ ಬಾಡಿಗೆ ವಸೂಲು ಮಾಡುವ ಜಾಗಗಳಿವೆ. ಅಲ್ಲಿ ಕೂತು ನಾನೂ ತೆಗೆದಿದ್ದೇನೆ. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಗಂಡುಹಕ್ಕಿಯನ್ನು ಕರೆಸುವವರಿದ್ದಾರೆ; ತನ್ನ ಎಲ್ಲೆಯೊಳಗೆ ವೈರಿ ನುಗ್ಗಿದನೆಂದು ಅದು ಗೂಡಿನ ಕೆಲಸ ಬಿಟ್ಟು ಜಗಳಕ್ಕೆ ಬರುತ್ತದೆ, ಇವರು ಅದನ್ನು ‘ಒಳ್ಳೇ ಪೋಸು’ ಎನ್ನುತ್ತಾರೆ. ಹಸಿರು ಮಂಡಲದ ಹಾವನ್ನು ಕೋಲಿನಿಂದ ಎತ್ತಿ, ಹಿನ್ನೆಲೆ ಚೆನ್ನಾಗಿದೆಯೆಂದು ಬೇರೆ ಗಿಡದ ಮೇಲೆ ಕೂರಿಸಿದ್ದನ್ನೂ ನೋಡಿದ್ದೇನೆ. ನಲವತ್ತು ವರ್ಷ ಸರ್ಕಾರಿ ನಿಯಮಗಳಿಗೆ ತಲೆಬಾಗಿ ಬದುಕಿದ ಸಭ್ಯರು ಕಾಡಿಗೆ ಬಂದೊಡನೆ ಹೀಗೇಕಾಗುತ್ತಾರೆ ಎಂದು ನನಗೆ ಇನ್ನೂ ಅರ್ಥವಾಗಿಲ್ಲ.

‘ಇದೆಲ್ಲ ಸಂರಕ್ಷಣೆಗಾಗಿ ಸಾರ್, ಜನರಲ್ಲಿ ಜಾಗೃತಿ ಮೂಡಬೇಕು’ ಎನ್ನುವುದು ನಮ್ಮವರ ಸಿದ್ಧ ಉತ್ತರ. ಹಿಂದಿನವರ ವಿಷಯದಲ್ಲಿ ಆ ಮಾತು ನಿಜವಿತ್ತು. ಟಿ.ಎನ್.ಎ. ಪೆರುಮಾಳ್ ಅಂಥವರು 36 ಚಿತ್ರಗಳ ಫಿಲ್ಮ್ ಸುರುಳಿ ಹಾಕಿಕೊಂಡು ಕಾಡಿನಲ್ಲಿ ಕಾದ ಕಾಲದಲ್ಲಿ ನಮ್ಮಂಥವರು ಆ ಪ್ರಾಣಿಗಳನ್ನು ನೋಡಿದ್ದೇ ಅವರ ಚಿತ್ರಗಳಿಂದ. ಇಂದು ಒಂದು ಹುಲಿ ರಸ್ತೆ ದಾಟಿದರೆ ಹತ್ತು ಜೀಪುಗಳಿಂದ ಸಾವಿರ ಸಲ ಕ್ಲಿಕ್ ಎನ್ನುತ್ತದೆ. ಸಾವಿರದ ಒಂದನೆಯದನ್ನು ನಾನು ತೆಗೆಯದಿದ್ದರೆ ಹುಲಿಗೆ ನಷ್ಟವೇನು? ಅದರ ಲೆಕ್ಕ ಇಡುವುದಕ್ಕೂ ನಾವು ಬೇಕಿಲ್ಲ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲೇ ಮರಗಳಿಗೆ ಕ್ಯಾಮೆರಾ ಕಟ್ಟಿ, ಪಟ್ಟೆಗಳ ಗುರುತಿನ ಮೇಲೆ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಎಣಿಸುವ ಕ್ರಮವನ್ನು ತೋರಿಸಿಕೊಟ್ಟರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಹೀಗಾಗಿ ಕಾಡಿನ ಹುಲಿಗೆ ಇಂದು ಅದರದೇ ಆದ ಗುರುತಿದೆ, ದಾಖಲೆಯಿದೆ.

ಇಲ್ಲದಿರುವುದು ನಮ್ಮ ಕೇರಿಯ ಮುದುಕಿಗೆ.

ಆ ಮುದುಕಿಯ ಕತೆ ಇದು. ಸಂತೆಯಲ್ಲಿ ಸೊಪ್ಪು ಮಾರುವವರು. ಕಿಟಕಿಯ ಬೆಳಕಿಗೆ ಕೂರಿಸಿ, ಪಕ್ಕದಲ್ಲಿ ಊದುಬತ್ತಿಯ ಹೊಗೆ ಎಬ್ಬಿಸಿ, ತಲೆಯ ಮೇಲೆ ಸೆರಗು ಹೊದೆಸಿ ನಾನು ತೆಗೆದ ಚಿತ್ರ ಒಂದು ಸಲೂನಿನಲ್ಲಿ ಆಯ್ಕೆಯಾಯಿತು. (ಸಲೂನು ಎಂದರೆ ಕ್ಷೌರದಂಗಡಿ ಎಂದೇ ನನ್ನ ಹೆಂಡತಿ ಬಹಳ ದಿನ ತಿಳಿದಿದ್ದಳು. ಛಾಯಾಚಿತ್ರ ಸ್ಪರ್ಧೆಗೂ ಅದೇ ಹೆಸರು ಎಂದಾಗ, ‘ಎರಡು ಕಡೆನೂ ಕಾಸು ಬೋಳಿಸ್ತಾರೆ ಅನ್ನಿ’ ಎಂದಳು.) ಇಂತಿಷ್ಟು ದೇಶಗಳಲ್ಲಿ ಇಂತಿಷ್ಟು ಚಿತ್ರಗಳು ಸ್ವೀಕೃತವಾದರೆ ಅಂತರರಾಷ್ಟ್ರೀಯ ಒಕ್ಕೂಟದವರು ಹೆಸರಿನ ಮುಂದೆ ಐದು ಅಕ್ಷರ ಹಚ್ಚಿಕೊಳ್ಳಲು ಅಪ್ಪಣೆ ಕೊಡುತ್ತಾರೆ. ಆ ಐದು ಅಕ್ಷರದ ಆಸೆಗೆ ನಾನೂ ಬಿದ್ದಿದ್ದೆ. ಚಿತ್ರಕ್ಕೆ ‘ಬದುಕಿನ ಗೆರೆಗಳು’ ಎಂದು ಹೆಸರಿಟ್ಟೆ. ನಾನು ನೋಡದ ದೇಶವೊಂದರಲ್ಲಿ ಅದು ಗೋಡೆಯ ಮೇಲೆ ತೂಗಿತು. ಮನೆಗೆ ಪ್ರಶಸ್ತಿಪತ್ರ ಬಂತು. ಅದರಲ್ಲಿ ನನ್ನ ಹೆಸರಿತ್ತು, ಊರಿತ್ತು, ಚಿತ್ರದ ಶೀರ್ಷಿಕೆಯಿತ್ತು. ಆಕೆಯ ಹೆಸರು ಎಲ್ಲಿಯೂ ಇರಲಿಲ್ಲ. ಆಕೆಗೆ ಒಂದು ಪ್ರತಿಯನ್ನೂ ನಾನು ಕೊಟ್ಟಿರಲಿಲ್ಲ.

ಅಂಚೆಯವನಾಗಿ ನನಗೆ ಇದು ಹೊಳೆಯಬೇಕಿತ್ತು. ವಿಳಾಸ ಸರಿಯಿಲ್ಲದ, ಕಳಿಸಿದವರು ಯಾರೆಂದೂ ಗೊತ್ತಾಗದ ಕಾಗದಗಳನ್ನು ನಾವು ಒಂದು ಬೇರೆ ಕಚೇರಿಗೆ ಕಳಿಸುತ್ತೇವೆ. ಪರರ ಕಾಗದವನ್ನು ಒಡೆದು ನೋಡುವ ಅಧಿಕಾರ ಅಲ್ಲಿಯವರಿಗಿದೆ. ಒಳಗಾದರೂ ಒಂದು ಹೆಸರು, ಒಂದು ಊರು ಸಿಗುತ್ತದೋ ಎಂದು ಹುಡುಕುತ್ತಾರೆ. ಅಲ್ಲಿಯೂ ಸಿಗದಿದ್ದರೆ ಅದರ ಕತೆ ಮುಗಿದಂತೆ. ಎಷ್ಟು ಅಂದವಾದ ಅಕ್ಷರದಲ್ಲಿ ಬರೆದಿದ್ದರೂ ಅಷ್ಟೇ. ನಮ್ಮ ಕೂಟದವರ ಚಿತ್ರಗಳೆಲ್ಲ ಅಂಥ ಕಾಗದಗಳು.

ಇಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ. ಬಂದದ್ದು ನಮ್ಮ ರನ್ನರ್ ತೀರಿಕೊಂಡ ಮೇಲೆ.

ಹಿನ್ನೀರಿನ ಆಚೆಯ ಹಳ್ಳಿಗಳಿಗೆ ಟಪಾಲು ಚೀಲ ಹೊತ್ತು ನಡೆಯುತ್ತಿದ್ದವನು ಅವನು. ಮಳೆಗಾಲದಲ್ಲಿ ತಾನು ನೆನೆದರೂ ಚೀಲ ನೆನೆಯದಂತೆ ಕಂಬಳಿಕೊಪ್ಪೆಯೊಳಗೆ ಇಟ್ಟುಕೊಂಡು ಬರುತ್ತಿದ್ದ. ನನ್ನ ಹಾಗೆ ಅವನಿಗೆ ಪೆನ್ಷನ್ ಇರಲಿಲ್ಲ. ಆದ್ದರಿಂದ ನಿವೃತ್ತಿಯ ನಂತರ ಹವ್ಯಾಸವೂ ಇರಲಿಲ್ಲ, ಅಡಿಕೆ ತೋಟದ ಕೂಲಿಯಿತ್ತು. ಮಂಗಟ್ಟೆಗಳು ಹಣ್ಣು ತಿನ್ನಲು ಬರುವ ಗೋಳಿಮರವನ್ನು ನನಗೆ ತೋರಿಸಿಕೊಟ್ಟವನು ಅವನೇ. ಮೂರು ವರ್ಷ, ಪ್ರತಿ ಬೇಸಗೆಯಲ್ಲಿ, ನನ್ನ ಟ್ರೈಪಾಡನ್ನು ಹೆಗಲ ಮೇಲಿಟ್ಟು ಮುಂದೆ ನಡೆದ. ಕೂಲಿ ಕೊಡಹೋದರೆ, ‘ನಿಮ್ಮ ಹತ್ರ ಎಂಥ ದುಡ್ಡು ಪೋಸ್ಟ್ ಮಾಸ್ಟ್ರೇ’ ಎನ್ನುತ್ತಿದ್ದ.

ಅವನು ಸತ್ತ ಮೂರನೆಯ ದಿನ ಮಗ ಮನೆಗೆ ಬಂದ. ‘ಅಪ್ಪಂದೊಂದು ಪಟ ಇದ್ರೆ ಕೊಡಿ ಮಾಸ್ಟ್ರೇ, ದಿನದ ಕಾರ್ಯಕ್ಕೆ ಇಡಬೇಕಿತ್ತು. ನಿಮ್ಮ ಜೊತಿಗೇ ತಿರುಗ್ತಿದ್ದನಲ್ಲ, ನಿಮ್ಮ ಹತ್ರ ಇದ್ದೇ ಇರ್ತದೆ ಅಂತ ಅಮ್ಮ ಅಂದಳು’ ಎಂದ. ಇದ್ದೇ ಇರುತ್ತದೆಂದು ನಾನೂ ತಿಳಿದು ಕಂಪ್ಯೂಟರ್ ತೆರೆದೆ. ನನ್ನ ಬಳಿ 60 ಸಾವಿರದಷ್ಟು ಚಿತ್ರಗಳಿದ್ದವು. ಮಿಂಚುಳ್ಳಿಯವೇ ಸಾವಿರ ದಾಟಿದ್ದವು. ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಹುಡುಕಿದೆವು. ಸಿಕ್ಕಿದ್ದು ಒಂದೇ ಒಂದು: ಮಂಗಟ್ಟೆಯ ಚಿತ್ರದ ಎಡ ಅಂಚಿನಲ್ಲಿ, ಮಸುಕಾಗಿ, ಅವನ ಹೆಗಲ ಮೇಲಿನ ಟವೆಲ್ಲಿನ ತುದಿ. ಅದನ್ನು ನೋಡಿದೊಡನೆ ನಾನು ಅಂದು ಅವನಿಗೆ ಹೇಳಿದ ಮಾತೂ ನೆನಪಾಯಿತು: ‘ಸ್ವಲ್ಪ ಆಚೆ ಸರಿ ಮಾರಾಯಾ, ಫ್ರೇಮಿನೊಳಗೆ ಬರ್ತಿದೀಯ.’

ಹುಡುಗ ಏನೂ ಅನ್ನಲಿಲ್ಲ. ಚಹ ಕುಡಿದು ಹೋದ. ಆಧಾರ್ ಕಾರ್ಡಿನ ಪಟವನ್ನೇ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದರು. ಸ್ಟುಡಿಯೋದವರು ರೂಢಿಯಂತೆ ಅದಕ್ಕೊಂದು ಕೋಟು, ಟೈ ಅಂಟಿಸಿಕೊಟ್ಟರು. ಆಯುಷ್ಯವೆಲ್ಲ ಕಂಬಳಿಕೊಪ್ಪೆ ಹಾಕಿಕೊಂಡಿದ್ದವನು ಕೋಟು ತೊಟ್ಟು ಗೋಡೆಯ ಮೇಲಿದ್ದಾನೆ. ಅವನಂತೆ ಕಾಣುವುದಿಲ್ಲ.

ಇದನ್ನು ಕೂಟದಲ್ಲಿ ಹೇಳಿದಾಗ ಒಬ್ಬರು, ‘ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಜನರ ಪಟ ಅವರೇ ತೆಗೆದುಕೊಳ್ತಾರೆ, ಅದಕ್ಕೆ ನಾವು ಯಾಕೆ?’ ಎಂದರು. ಕೈಯಲ್ಲಿ ಮೊಬೈಲ್ ಇರುವುದು ನಿಜ. ಆ ಮೊಬೈಲು ನೀರಿಗೆ ಬಿದ್ದರೆ, ಕೆಟ್ಟರೆ, ಬದಲಾದರೆ ಪಟಗಳೂ ಹೋದವು. ಉಳಿದರೂ ಅವುಗಳ ಹಿಂದೆ ಬರೆದವರಿಲ್ಲ. ಮೊಮ್ಮಕ್ಕಳು ನೋಡಿ ‘ಇದು ಯಾರು?’ ಎಂದು ಕೇಳುವ ಹೊತ್ತಿಗೆ ಹೇಳುವವರು ಇರುವುದಿಲ್ಲ. ಇನ್ನೊಬ್ಬರು, ‘ಅದೆಲ್ಲ ದಾಖಲೆ ಸಾರ್, ಕಲೆಯಲ್ಲ’ ಎಂದರು. ಅಲ್ಲವೆಂದೇ ಇಟ್ಟುಕೊಳ್ಳೋಣ. ಬಾಡಿಗೆ ತೊಟ್ಟಿಯಿಂದ ಮೀನು ಹಿಡಿಯುವ ಮಿಂಚುಳ್ಳಿಯಾದರೂ ಯಾವ ಕಲೆ?

ನಾವು ಕಳೆದುಕೊಂಡದ್ದಕ್ಕೆ ನಮ್ಮ ಸೀಮೆಯಲ್ಲೇ ಬೇಕಾದಷ್ಟು ಸಾಕ್ಷಿಯಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಮುಳುಗಿದ ಹಳ್ಳಿಗಳಲ್ಲಿ ನನ್ನ ತಾಯಿಯ ತವರೂ ಒಂದು. ಆ ಮನೆಯದು ಒಂದೂ ಪಟವಿಲ್ಲ. ಅಂದು ಊರಿನಲ್ಲಿ ಕ್ಯಾಮೆರಾ ಇರಲಿಲ್ಲ, ಯಾರನ್ನೂ ದೂರುವಂತಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಕಚೇರಿಯ ಮೂಲೆಯ ಮೇಜಿನ ಮೇಲೆ ತಂತಿಯ ಯಂತ್ರ ಕಟಕಟ ಎನ್ನುತ್ತಿತ್ತು. ಸಾವು, ಹುಟ್ಟು, ನೌಕರಿ ಎಲ್ಲ ಅದರೊಳಗಿಂದಲೇ ಊರಿಗೆ ಬರುತ್ತಿದ್ದವು. 2013ರ ಜುಲೈನಲ್ಲಿ ದೇಶದ ತಂತಿ ಸೇವೆ ನಿಂತುಹೋಯಿತು. ನಾನು ಅಷ್ಟು ವರ್ಷ ಕೂತ ಆ ಕೋಣೆಯ ಪಟ ನನ್ನ ಬಳಿ ಇಲ್ಲ. ಇದಕ್ಕೂ ಬಡತನದ ನೆಪ ಹೇಳಬಹುದು.

ಆದರೆ 2025ಕ್ಕೆ ಯಾವ ನೆಪ? ಆ ವರ್ಷ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಸಿಗಂದೂರಿಗೆ, ತುಮರಿಗೆ ಹೋಗುವ ಬಸ್ಸು ಲಾಂಚು ಏರಿ ದಾಟಬೇಕಾದ ಕಾಲ ಮುಗಿಯಿತು. ಒಳ್ಳೆಯದೇ ಆಯಿತು, ಬಸುರಿಯರನ್ನೂ ರೋಗಿಗಳನ್ನೂ ಕರೆದುಕೊಂಡು ದಡದಲ್ಲಿ ಕಾದವರಿಗೆ ಗೊತ್ತು ಅದರ ಬೆಲೆ. ನಮ್ಮ ಕೂಟದವರು ಸೇತುವೆಯನ್ನು ಮೇಲಿನಿಂದ, ಕೆಳಗಿನಿಂದ ತೆಗೆದರು. ಲಾಂಚಿನ ಚಿತ್ರಗಳೂ ನಮ್ಮಲ್ಲಿ ರಾಶಿ ಇವೆ: ಸೂರ್ಯಾಸ್ತದ ಕೆಂಪಿನಲ್ಲಿ ಲಾಂಚು, ಮಂಜಿನಲ್ಲಿ ಲಾಂಚು, ಕಪ್ಪು ನೆರಳುಗಳಾಗಿ ನಿಂತ ಮನುಷ್ಯರು. ಅದನ್ನು ನಡೆಸಿದವನ ಮುಖ, ಹಗ್ಗ ಎಸೆದು ಕಟ್ಟಿದವನ ಮುಖ, ದಡದಲ್ಲಿ ಬಸ್ಸಿಗೆ ಕಾಯುವವರಿಗೆ ಚುರುಮುರಿ ಮಾರಿದವಳ ಮುಖ ಯಾರ ಬಳಿ ಇದೆ ಎಂದು ಕೇಳಿದೆ. ಹನ್ನೊಂದು ಜನ ಸುಮ್ಮನೆ ಕೂತಿದ್ದೆವು.

ಹಕ್ಕಿ ತೆಗೆಯಲೇಬಾರದೆಂದು ನನ್ನ ವಾದವಲ್ಲ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತಮ್ಮ ತೋಟ, ಕೆರೆ, ಕಾಡಿನ ಸುತ್ತಲೇ ವರ್ಷಗಟ್ಟಲೆ ಹಕ್ಕಿಗಳ ಹಿಂದೆ ಅಲೆದರು. ಅವು ಅವರ ನೆರೆಹೊರೆಯವು. ಯಾವುದು ಯಾವಾಗ ಬರುತ್ತದೆ, ಏನು ತಿನ್ನುತ್ತದೆ ಎಂದು ಬಲ್ಲವರು ತೆಗೆದ ಚಿತ್ರಗಳವು. ಬಲ್ಲದ್ದನ್ನು ತೆಗೆಯಿರಿ ಎಂಬುದಷ್ಟೇ ನನ್ನ ಮಾತು. ಹುಡುಗರಿಗೆ ನಮಗಿಂತ ಚುರುಕು ಕಣ್ಣಿದೆ, ನಡುಗದ ಕೈಯಿದೆ, ನಮ್ಮದಕ್ಕಿಂತ ಒಳ್ಳೆಯ ಲೆನ್ಸಿದೆ. ಅವರಿಗಿಲ್ಲದ್ದು ಎರಡು ನಮ್ಮಲ್ಲಿವೆ: ಹೊತ್ತು ಮತ್ತು ಪರಿಚಯ. ಬ್ಯಾಂಕಿನವರಿಗೆ ಊರಿನ ಹಳೆಯ ವರ್ತಕರೆಲ್ಲ ಗೊತ್ತು. ಮೇಷ್ಟ್ರಿಗೆ ನಾಲ್ಕು ತಲೆಮಾರಿನ ಮಕ್ಕಳ ಹೆಸರು ಗೊತ್ತು. ನನಗೆ ಪ್ರತಿ ಮನೆಯ ವಿಳಾಸ ಗೊತ್ತು. ಈ ಆಸ್ತಿಯನ್ನು ಮನೆಯಲ್ಲಿ ಬಿಟ್ಟು, ನಮ್ಮನ್ನು ಕಣ್ಣೆತ್ತಿಯೂ ನೋಡದ ಹುಲಿಯ ಎದುರು ಹೋಗಿ ನಿಲ್ಲುತ್ತೇವಲ್ಲ, ಇದಕ್ಕಿಂತ ದುಂದು ಯಾವುದಿದೆ?

ನಾನು ಈಗ ಸಲೂನುಗಳಿಗೆ ಕಳಿಸುವುದನ್ನು ಬಿಟ್ಟಿದ್ದೇನೆ. ಉದ್ದ ಲೆನ್ಸು ಮಾರಿ, ಆ ಹಣದಲ್ಲಿ ಪ್ರಿಂಟು ಹಾಕಿಸುತ್ತಿದ್ದೇನೆ. ಕಲಾಯಿ ಹಾಕುವವರು, ಹಿಟ್ಟಿನ ಗಿರಣಿಯವರು, ಕೊಡೆ ರಿಪೇರಿಯವರು, ಅಡಿಕೆ ಸುಲಿಯುವ ಹೆಂಗಸರು, ದಿನಕ್ಕೆ ಒಬ್ಬರಂತೆ. ಹೊಗೆ ಎಬ್ಬಿಸುವುದಿಲ್ಲ, ಸೆರಗು ಹೊದೆಸುವುದಿಲ್ಲ. ಅವರು ಹೇಗೆ ನಿಲ್ಲುತ್ತೇವೆ ಎನ್ನುತ್ತಾರೋ ಹಾಗೆ. ಎರಡು ಪ್ರತಿ ಹಾಕಿಸಿ, ಹಿಂದೆ ಪೆನ್ಸಿಲಿನಲ್ಲಿ ಹೆಸರು, ಕಸುಬು, ಊರು, ತಾರೀಖು ಬರೆದು, ಒಂದನ್ನು ಅವರ ಕೈಗೇ ಕೊಟ್ಟು ಬರುತ್ತೇನೆ. ಬಟವಾಡೆ ನನಗೆ ಹೊಸ ಕೆಲಸವಲ್ಲ.

ಸೊಪ್ಪಿನ ಮುದುಕಿಯ ಮನೆಗೂ ಹೋಗಿದ್ದೆ. ಹೊಗೆಯ ಚಿತ್ರವನ್ನು ಬಹಳ ಹೊತ್ತು ನೋಡಿ, ‘ಇದ್ಯಾರ್ರೀ ಇದು, ಸತ್ತೋರ ಹಂಗೆ ಕಾಣ್ತಾಳೆ’ ಎಂದರು. ಒಳಗೆ ಹೋಗಿ ಮುಖ ತೊಳೆದು, ಹಬ್ಬದ ಸೀರೆ ಉಟ್ಟು ಬಂದು, ಸೊಪ್ಪಿನ ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ‘ಈಗ ತೆಗೀರಿ’ ಎಂದರು. ತೆಗೆಯುವ ಮೊದಲು ನಾನು ಅವರ ಹೆಸರು ಕೇಳಿ ಬರೆದುಕೊಂಡೆ. ಪರಿಚಯ ಇಪ್ಪತ್ತು ವರ್ಷದ್ದು, ಹೆಸರು ಕೇಳಿದ್ದು ಅಂದೇ ಮೊದಲು.