ಚಿರತೆಯೂ ನಮ್ಮ ಮುಸುರೆಯೂ

2022ರ ದೀಪಾವಳಿಯ ಸಮಯದಲ್ಲಿ ಗೋರೆಗಾಂವದ ಆರೆ ಕಾಲೊನಿಯಲ್ಲಿ ಎರಡು ವರ್ಷವೂ ತುಂಬದ ಹಸುಳೆಯೊಂದು ಚಿರತೆಯ ಬಾಯಿಗೆ ತುತ್ತಾಯಿತು. ಇಂತಹ ದುರ್ಘಟನೆ ನಡೆದಾಗಲೆಲ್ಲ ಉಪನಗರಗಳಿಂದ ಏಳುವ ಕೂಗು ಒಂದೇ: ಬೋನಿಡಿರಿ, ಹಿಡಿಯಿರಿ, ದೂರ ಸಾಗಿಸಿರಿ. ಮಗುವನ್ನು ಕಳೆದುಕೊಂಡವರ ಸಂಕಟದ ಮುಂದೆ ತರ್ಕ ಹೂಡುವ ಎದೆಗಾರಿಕೆ ನಮಗಿಲ್ಲ. ಆದರೆ ಈ ಕೂಗಿನಿಂದ ಇನ್ನೊಂದು ಮಗು ಉಳಿಯುವುದೇ ಎಂಬುದನ್ನು ವಿಚಾರಿಸಲೇಬೇಕಾಗಿದೆ.

ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವು ಸುಮಾರು 104 ಚದರ ಕಿಲೋಮೀಟರಿನ ಕಾಡು. ಕೆಮರಾಗಳನ್ನು ಅಡಗಿಸಿಟ್ಟು ಎಣಿಸಿದಾಗ ಈ ಕಾಡಿನಲ್ಲಿಯೂ ಅದರ ಸುತ್ತಿನಲ್ಲಿಯೂ 2015ರಲ್ಲಿ 35 ಚಿರತೆಗಳು, 2018ರಲ್ಲಿ 47 ಚಿರತೆಗಳು ಕಂಡವು. 2004ರಲ್ಲಿ ಇಲ್ಲಿ ಚಿರತೆಗೆ ಬಲಿಯಾದವರು ಹತ್ತು ಜನರಿಗೆ ಕಡಮೆಯಿಲ್ಲ. ಬೇರೆಡೆ ಹಿಡಿದ ಚಿರತೆಗಳನ್ನು ತಂದು ಈ ಕಾಡಿನಲ್ಲಿ ಬಿಡುವ ಪರಿಪಾಠ ಆಗಿನ ದಿನಗಳಲ್ಲಿತ್ತೆಂಬುದನ್ನು ಮರೆಯಲಾಗದು. ಪುಣೆ ಜಿಲ್ಲೆಯ ಜುನ್ನರದಲ್ಲಿ ಚಿರತೆಗಳನ್ನು ಹಿಡಿದು ಸಾಗಿಸುವ ಕಾರ್ಯ 2001ರಲ್ಲಿ ಭರದಿಂದ ಆರಂಭವಾಯಿತು. ಅದಕ್ಕೆ ಮೊದಲು ಅಲ್ಲಿ ಜನರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿಗಳು ಆಗುತ್ತಿದ್ದವು. ಅನಂತರ ಅವು 17ಕ್ಕೆ ಏರಿದುದನ್ನು ವಿದ್ಯಾ ಅತ್ರೇಯ ಮತ್ತು ಅವರ ಸಂಗಡಿಗರು ಲೆಕ್ಕಸಮೇತ ತೋರಿಸಿದ್ದಾರೆ. ಅಪರಿಚಿತ ಕಾಡಿನಲ್ಲಿ ಬಿಟ್ಟ ಚಿರತೆ ದಿಕ್ಕುಗಾಣದೆ ಅಲೆಯುತ್ತದೆ. ಅದರ ಹಳೆಯ ಠಾವಿಗೆ ಇನ್ನೊಂದು ಬಂದು ನೆಲಸುತ್ತದೆ. ಖಾಲಿಯಾದ ಖೋಲಿ ಮುಂಬಯಿಯಲ್ಲಿ ಎಷ್ಟು ದಿನ ಖಾಲಿ ಇದ್ದೀತು? ನರಹತ್ಯೆಗೆ ತೊಡಗಿದ ಪ್ರಾಣಿಯನ್ನು ಗುರುತಿಸಿ ಹಿಡಿಯುವುದು ಬೇರೆ ಮಾತು, ಅದು ಆಗಲೇಬೇಕು.

ಕಾಡಿನ ಪ್ರಾಣಿ ಗಲ್ಲಿಗೆ ಬರುವುದೇತಕ್ಕೆ? ಮನುಷ್ಯನಿಗಾಗಿ ಅಲ್ಲ, ನಾಯಿಗಾಗಿ. 2018ರಲ್ಲಿ ಪ್ರಕಟವಾದ ಒಂದು ಪ್ರಬಂಧದ ಅಂದಾಜಿನಂತೆ ಈ ಚಿರತೆಗಳ ಆಹಾರದಲ್ಲಿ ನೂರಕ್ಕೆ ನಾಲ್ವತ್ತರಷ್ಟು ಪಾಲು ನಾಯಿಗಳದೇ. ವರ್ಷಕ್ಕೆ ಸುಮಾರು 1500 ನಾಯಿಗಳು. ಅದೇ ನಾಯಿಗಳು ಹಿಂಡುಗಟ್ಟಿ ಕಾಡಿಗೆ ನುಗ್ಗಿ ಜಿಂಕೆಗಳನ್ನು ಅಟ್ಟಿ ಕೊಲ್ಲುವುದೂ ಉಂಟು. ಚಿರತೆ ನಾಯಿಗಳನ್ನು ತಿಂದು ಪಾಲಿಕೆಯ ಕೆಲಸವನ್ನು ಹಗುರಗೊಳಿಸುತ್ತಿದೆಯಲ್ಲ ಎಂದು ನಗುವವರಿದ್ದಾರೆ. ನಗಲಿ, ಆದರೆ ಆ ಬೇಟೆ ನಡೆಯುವುದು ಮಕ್ಕಳು ಆಡುವ ಅಂಗಳದಲ್ಲಿ, ಬಹಿರ್ದೆಸೆಗೆ ಹೋಗುವ ಕತ್ತಲ ದಾರಿಯಲ್ಲಿ.

ಆ ನಾಯಿಗಳಿಗೆ ಉಣ್ಣಿಸಿದವರು ಯಾರು? ನಾವೂ ಗಲ್ಲಾದ ಮೇಲೆ ಕುಳಿತು ವರ್ಷಗಳನ್ನು ಕಳೆದವರು. ನಮ್ಮ ಹೋಟೆಲು ಕಾಡಿನ ಅಂಚಿಗೆ ದೂರವಿರಲಿಲ್ಲ. ರಾತ್ರಿ ಬಾಗಿಲೆಳೆಯುವಾಗ ಮುಸುರೆಯ ಬಾಲ್ದಿಯನ್ನು ಹಿಂಬದಿಯ ಗೋಡೆಯ ಆಚೆ ಸುರಿಸಿದ್ದೇವೆ. ಬೆಳಗ್ಗೆ ಕಸದ ಗಾಡಿ ಬರುವುದಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದೇವೆ. ಗಾಡಿಗಿಂತ ಮೊದಲು ನಾಯಿಗಳು ಬರುತ್ತಿದ್ದವು. ಮಾಣಿಗಳು ಅವಕ್ಕೆ ಹೆಸರನ್ನೂ ಇಟ್ಟಿದ್ದರು. ಹೆಸರಿನ ನಾಯಿಗಳು ಒಂದೊಂದಾಗಿ ಕಾಣೆಯಾದಾಗ ಪಾಲಿಕೆಯವರು ಒಯ್ದರೆಂದೇ ಭಾವಿಸಿದೆವು. ಒಂದು ಮುಂಜಾನೆ ಹಾಲಿನವನು ಗೋಡೆಯ ಬುಡದ ಕೆಸರಿನಲ್ಲಿ ಒತ್ತಿದ್ದ ಹೆಜ್ಜೆಗಳನ್ನು ತೋರಿಸಿದನು. ಆ ಗೋಡೆಗೆ ಹೊಂದಿಕೊಂಡೇ ನಮ್ಮ ಹುಡುಗರು ಮಲಗುತ್ತಿದ್ದರು.

2011ರಲ್ಲಿ ಅರಣ್ಯ ಇಲಾಖೆಯವರು, ವಿಜ್ಞಾನಿಗಳು ಮತ್ತು ಸಾಮಾನ್ಯ ನಾಗರಿಕರು ಕೂಡಿ ಮುಂಬಯಿಕರ್ಸ್ ಫಾರ್ ಎಸ್.ಜಿ.ಎನ್.ಪಿ. ಎಂಬ ಕಾರ್ಯವನ್ನು ಕೈಗೊಂಡರು. ಚಿರತೆ ಕಂಡೊಡನೆ ಗುಂಪುಗೂಡಿ ಅಟ್ಟಬೇಡಿರಿ, ಸಂಜೆಯ ಮೇಲೆ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿರಿ, ದೀಪ ಹಾಕಿಸಿರಿ, ಕಸ ಎತ್ತಿಸಿರಿ ಎಂದು ಕಾಡಿನ ಸುತ್ತಿನ ಜನರಿಗೆ ತಿಳಿಯಹೇಳಿದರು. ಮುಂದಿನ ಕೆಲವು ವರ್ಷ ದಾಳಿಗಳು ಬಹಳ ಇಳಿದವು. ಅಲ್ಲಿನ ಪಾಡಾಗಳಲ್ಲಿರುವ ವಾರಲಿ ಜನರು ವಾಘೋಬನನ್ನು ಪೂಜಿಸುತ್ತ ತಲೆತಲಾಂತರದಿಂದ ಈ ಪ್ರಾಣಿಯ ನೆರೆಯಲ್ಲಿ ಬಾಳಿದವರು. ಪಿಲಿಚಾಮುಂಡಿಯ ಕೋಲವನ್ನು ನೋಡಿ ಬೆಳೆದ ನಮ್ಮ ಜಿಲ್ಲೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಪೂಜೆಯೊಂದರಿಂದಲೇ ಕಸ ಕರಗದು.

ನಾಯಿಗಳಿಗೆ ವಿಷವಿಕ್ಕುವುದು ಕ್ರೌರ್ಯ, ಅಪರಾಧ ಕೂಡ. ಅವುಗಳಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿ ಚುಚ್ಚುಮದ್ದು ಹಾಕಿಸುವುದು ಪಾಲಿಕೆಯ ಹೊಣೆ. ಅದು ಕಾಡಿನ ಅಂಚಿನ ವಾರ್ಡುಗಳಿಂದಲೇ ಮೊದಲಾಗಲಿ. ತಿನ್ನಲು ಸಿಕ್ಕುವ ತನಕ ಎಷ್ಟು ಶಸ್ತ್ರಕ್ರಿಯೆ ಮಾಡಿದರೂ ಹೊಸ ನಾಯಿಗಳು ಬಂದೇ ಬರುತ್ತವೆ. ಬೊರಿವಲಿ, ಮಲಾಡ, ಗೋರೆಗಾಂವ, ಮುಲುಂಡ, ಥಾಣೆಗಳ ನಮ್ಮ ಮಾಲಕ ಬಂಧುಗಳು ಮುಚ್ಚಳವಿರುವ ಡಬ್ಬಗಳನ್ನು ಕೊಂಡು, ಗಾಡಿ ಬರುವ ತನಕ ಹಸಿ ಕಸವನ್ನು ಒಳಗೇ ಇರಿಸಲಿ. ಹೋಟೆಲು ಸಂಘಗಳು ರಾತ್ರಿ ಬಾಗಿಲು ಹಾಕಿದ ಮೇಲೂ ಒಂದು ಗಾಡಿಯನ್ನು ಕಳುಹಿಸುವಂತೆ ವಾರ್ಡು ಕಚೇರಿಯನ್ನು ಒತ್ತಾಯಿಸಲಿ. ಅಲ್ಲಿನ ಸೊಸೈಟಿಗಳಲ್ಲಿ ವಾಸಿಸುವ ಗುಮಾಸ್ತ ಮಿತ್ರರು ಅರ್ಜಿ ಬರೆಯುವುದರಲ್ಲಿ ನುರಿತವರು. ಅವರ ಲೇಖನಿ ಇಲ್ಲಿ ಬೇಕಾಗಿದೆ. ಡಬ್ಬಕ್ಕೆ ಹಣ ತೆರಬೇಕಾದವನು ಮಾಲಕ. ಹಣವನ್ನು ಹುಡುಗರ ಸಂಬಳದಿಂದ ಮುರಿಯಬಾರದು.